ಕೊಳದ ಉಪ್ಪಿನ ಲೆಕ್ಕ

ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಆರುಣಿಯು ತನ್ನ ಮಗ ಶ್ವೇತಕೇತುವಿಗೆ ತತ್ತ್ವವನ್ನು ಬೋಧಿಸಲು ಹೂಡಿದ ಉಪಾಯಗಳಲ್ಲಿ ಒಂದು ಉಪ್ಪಿನದು. ಉಪ್ಪನ್ನು ನೀರಿನಲ್ಲಿ ಹಾಕಿಟ್ಟು ಬೆಳಗ್ಗೆ ಬಾ ಎಂದು ತಂದೆ ಹೇಳಿದ. ಬೆಳಗಾದ ಮೇಲೆ, ರಾತ್ರಿ ಹಾಕಿದ ಆ ಉಪ್ಪನ್ನು ತೆಗೆದುಕೊಂಡು ಬಾ ಎಂದ. ಹುಡುಗ ನೀರಿನಲ್ಲಿ ಹುಡುಕಿದ, ಉಪ್ಪು ಸಿಕ್ಕಲಿಲ್ಲ. ಆಗ ತಂದೆ ಮೇಲಿನ ನೀರನ್ನೂ ನಡುವಿನ ನೀರನ್ನೂ ತಳದ ನೀರನ್ನೂ ಒಂದೊಂದು ಗುಟುಕು ಕುಡಿದು ನೋಡಲು ಹೇಳಿದ. ಮೂರೂ ಕಡೆಯಲ್ಲಿ ಉಪ್ಪೇ ಇತ್ತು. ಋಷಿಯು ಹೇಳಹೊರಟದ್ದು ಬೇರೆ, ಬಹು ದೊಡ್ಡ ವಿಷಯ. ಆದರೆ ಕರಗಿದ ಉಪ್ಪು ಕಣ್ಣಿಗೆ ಕಾಣುವುದಿಲ್ಲ, ಅದನ್ನು ಬೇರೊಂದು ಗುಣದ ಮೂಲಕವೇ ಹಿಡಿಯಬೇಕು ಎಂಬ ಸಣ್ಣ ವಿಷಯವೂ ಆ ಕಥೆಯೊಳಗೆ ಅಡಗಿದೆ. ಉಪ್ಪು ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾಗಿದ್ದುದರಿಂದ ಶ್ವೇತಕೇತುವಿಗೆ ನಾಲಗೆ ಸಾಕಾಯಿತು. ಎಷ್ಟು ಇದೆ ಎಂದು ಕೇಳಿದ್ದರೆ ಅವನ ಪಾಡು ಬೇರೆಯಾಗುತ್ತಿತ್ತು.

ಇಂದು ಆ ಪಾಡು ಒದಗಿರುವುದು ಉಪ್ಪುನೀರಿನ ಈಜುಕೊಳವುಳ್ಳ ಮನೆಯವರಿಗೆ. ಹೆಸರನ್ನು ಕೇಳಿದೊಡನೆ ಕಡಲನ್ನೇ ತಂದು ಹಿತ್ತಿಲಲ್ಲಿ ಕಟ್ಟಿಹಾಕಿದಂತೆ ಭಾಸವಾಗುತ್ತದೆ, ಹಾಗೇನೂ ಇಲ್ಲ. ಸಮುದ್ರದ ನೀರಿನಲ್ಲಿ ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಲವಣವಿದ್ದರೆ ಇಂತಹ ಕೊಳದಲ್ಲಿ ಲೀಟರಿಗೆ 3ರಿಂದ 6 ಗ್ರಾಂ ಮಾತ್ರ. ಮನುಷ್ಯನ ಕಣ್ಣೀರು ಕೂಡ ಇದಕ್ಕಿಂತ ಉಪ್ಪು. ಈ ಅಲ್ಪ ಉಪ್ಪು ತಾನಾಗಿ ನೀರನ್ನು ಶುದ್ಧಿಗೊಳಿಸುವುದೂ ಇಲ್ಲ; ಲೀಟರಿಗೆ ಮೂರು ಗ್ರಾಂ ಉಪ್ಪಿನಲ್ಲಿ ರೋಗಾಣುಗಳು ಸುಖವಾಗಿಯೇ ಬಾಳಬಲ್ಲವು. ಶುದ್ಧಿಯ ಕೆಲಸ ನಡೆಯುವುದು ನೀರು ಹಾದುಹೋಗುವ ಕೊಳವೆಯ ಮಧ್ಯೆ ಕೂರಿಸಿದ ಒಂದು ಪೆಟ್ಟಿಗೆಯೊಳಗೆ. ಅದರಲ್ಲಿ ರುಥೇನಿಯಂ, ಇರಿಡಿಯಂ ಮೊದಲಾದ ಲೋಹಗಳ ಆಕ್ಸೈಡನ್ನು ಲೇಪಿಸಿದ ಟೈಟೇನಿಯಂ ತಗಡುಗಳಿರುತ್ತವೆ. ತಗಡುಗಳ ನಡುವೆ ವಿದ್ಯುತ್ತು ಹರಿದಾಗ ಉಪ್ಪಿನಲ್ಲಿರುವ ಕ್ಲೋರೈಡು ಕ್ಲೋರಿನ್ ಆಗಿ ಬಿಡುಗಡೆ ಹೊಂದಿ ನೀರಿನೊಡನೆ ಸೇರಿ ಕ್ರಿಮಿನಾಶಕವಾಗುತ್ತದೆ. ತನ್ನ ಕೆಲಸ ಮುಗಿಸಿ ಮತ್ತೆ ಕ್ಲೋರೈಡಾಗಿ ನೀರಿಗೇ ಮರಳುತ್ತದೆ. ಆದುದರಿಂದ ಉಪ್ಪುನೀರಿನ ಕೊಳವನ್ನು ಕ್ಲೋರಿನ್ ಇಲ್ಲದ ಕೊಳವೆಂದು ಮಾರುವವರ ಮಾತು ಶುದ್ಧ ಸುಳ್ಳು. ಕ್ಲೋರಿನ್ನಿನ ಡಬ್ಬಿ ಅಂಗಡಿಯಿಂದ ಬರುವ ಬದಲು ಕೊಳವೆಯೊಳಗೇ ತಯಾರಾಗುತ್ತದೆ, ಅಷ್ಟೇ.

ಉಪ್ಪು ಖರ್ಚಾಗದೆ ತಿರುಗುತ್ತಲೇ ಇರುತ್ತದೆ ಎಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಬಿಸಿಲಿಗೆ ಕೊಳದ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಈಜುವವರು ಚಿಮ್ಮಿಸಿದ ನೀರಿನೊಡನೆ, ಸೋಸುಗವನ್ನು ತೊಳೆದಾಗ ಹರಿದುಹೋಗುವ ನೀರಿನೊಡನೆ, ಮಳೆ ಸುರಿದು ಅಂಚು ಮೀರಿದಾಗ, ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಸೋರಿಕೆಯಲ್ಲಿ ಉಪ್ಪು ನಷ್ಟವಾಗುತ್ತದೆ. ಇಷ್ಟಲ್ಲದೆ ಅದಕ್ಕೆ ಬೇರೆ ದಾರಿಯಿಲ್ಲ. ಹಾಕುವುದು ಸುಲಭ, ತೆಗೆಯುವುದು ಕಷ್ಟ. ಸಾರಿಗೆ ಉಪ್ಪು ಹೆಚ್ಚಾದಾಗ ಗೃಹಿಣಿ ಇನ್ನಷ್ಟು ಬೇಳೆಯ ಕಟ್ಟನ್ನು ಸೇರಿಸಿ ಸರಿಮಾಡಿಯಾಳು; ಐವತ್ತು ಸಾವಿರ ಲೀಟರಿನ ಕೊಳಕ್ಕೆ ಉಪ್ಪು ಹೆಚ್ಚಾದರೆ ನೀರನ್ನು ಚೆಲ್ಲಿ ಹೊಸ ನೀರನ್ನು ತುಂಬುವುದೊಂದೇ ಸಾಮಾನ್ಯ ಉಪಾಯ.

ಈಗ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಉಪ್ಪುನೀರಿನ ಕೊಳಗಳು ಬಹಳವಾಗಿರುವ ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದ ಹೊರವಲಯದಲ್ಲಿ ಅವರ ಮನೆ. ಆ ನಗರದಲ್ಲಿ ಕನ್ನಡದ ಕುಟುಂಬಗಳೂ ಕಡಿಮೆಯೇನಿಲ್ಲ. ಹಿತ್ತಿಲಲ್ಲಿ ಹತ್ತು ಮೀಟರು ಉದ್ದದ, ನಾಲ್ಕು ಮೀಟರು ಅಗಲದ, ಸರಾಸರಿ ಒಂದೂಕಾಲು ಮೀಟರು ಆಳದ ಕೊಳ. ನೀರು ಸರಿಯಾಗಿ 50,000 ಲೀಟರು. ಯಂತ್ರವನ್ನು ತಯಾರಿಸಿದವರು ಲೀಟರಿಗೆ 3200 ಮಿಲಿಗ್ರಾಂ ಉಪ್ಪು ಇರಲಿ ಎಂದು ಸೂಚಿಸಿದ್ದಾರೆ. ಇದನ್ನೇ ಯಂತ್ರಗಳ ಮೇಲೆ 3200 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಅಷ್ಟು ಭಾಗ, ಎಂದು ಬರೆದಿರುತ್ತದೆ. ಸೆಪ್ಟೆಂಬರ್ ತಿಂಗಳು ಅಲ್ಲಿ ಚಳಿಗಾಲ ಮುಗಿದು ವಸಂತ ಕಾಲಿಡುವ ಸಮಯ. ಮನೆಯೊಡೆಯ ಕೊಳದ ಹೊದಿಕೆಯನ್ನು ಸರಿಸಿ ಯಂತ್ರವನ್ನು ಚಾಲೂ ಮಾಡುತ್ತಾನೆ. ಫಲಕದಲ್ಲಿ 2560 ಎಂಬ ಅಂಕಿ. ಪಕ್ಕದಲ್ಲಿ, ಉಪ್ಪು ಕಡಿಮೆ ಎಂಬ ಎಚ್ಚರಿಕೆಯ ದೀಪ. ಮಳೆಗಾಲದ ನೀರು ಸೇರಿ ತೆಳುವಾಗಿರಬೇಕು ಎಂದುಕೊಂಡು ಅವನು ಇಪ್ಪತ್ತು ಕಿಲೋ ತೂಕದ ಎರಡು ಚೀಲ ಉಪ್ಪನ್ನು ತಂದು ಸುರಿಯುತ್ತಾನೆ. ಮರುದಿನ ಫಲಕದಲ್ಲಿ ನಿಖರವಾಗಿ 3200. ಯಾರಿಗೆ ತಾನೆ ಸಮಾಧಾನವಾಗದು?

ಡಿಸೆಂಬರ್ ಬರುತ್ತದೆ. ಮಕ್ಕಳಿಗೆ ಬೇಸಿಗೆಯ ರಜೆ. ಅದೇ ಯಂತ್ರ 4160 ಎಂದು ತೋರಿಸಿ, ಉಪ್ಪು ಹೆಚ್ಚಾಯಿತೆಂದು ದೂರುತ್ತದೆ. ಈ ನಡುವೆ ಯಾರೂ ಒಂದು ಚಿಟಿಕೆ ಉಪ್ಪನ್ನೂ ಹಾಕಿಲ್ಲ.

ನಡೆದದ್ದು ಇಷ್ಟು. ಸೆಪ್ಟೆಂಬರಿನಲ್ಲಿ ಕೊಳದ ಉಪ್ಪು ಇರಬೇಕಾದಷ್ಟೇ, 3200ರಷ್ಟೇ ಇತ್ತು. ಆದರೆ ನೀರಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್. ಯಂತ್ರವು ಉಪ್ಪನ್ನು ಕಂಡದ್ದೇ ಇಲ್ಲ. ಅದು ಕಂಡದ್ದು ನೀರಿನಲ್ಲಿ ಎಷ್ಟು ವಿದ್ಯುತ್ತು ಹರಿಯಿತು ಎಂಬುದನ್ನು. ಉಪ್ಪಿನ ಕಣಗಳು ಬೆಚ್ಚಗಿನ ನೀರಿನಲ್ಲಿ ಚುರುಕಾಗಿಯೂ ತಣ್ಣೀರಿನಲ್ಲಿ ಮಂದವಾಗಿಯೂ ಚಲಿಸುತ್ತವೆ. ಉಷ್ಣತೆಯ ಒಂದೊಂದು ಡಿಗ್ರಿಗೆ ವಿದ್ಯುದ್ವಾಹಕತೆ ಸುಮಾರು ನೂರಕ್ಕೆ ಎರಡರಂತೆ ಏರಿಳಿಯುತ್ತದೆ. ಯಂತ್ರಗಳ ಲೆಕ್ಕವೆಲ್ಲ ಸಾಮಾನ್ಯವಾಗಿ 25 ಡಿಗ್ರಿಗೆ ಹೊಂದಿಸಿದ್ದು. ಹತ್ತು ಡಿಗ್ರಿ ಕೆಳಗಿದ್ದಾಗ ಐದನೆಯ ಒಂದು ಪಾಲು ಉಪ್ಪು ಮಾಯವಾದಂತೆ ತೋರುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಉಷ್ಣತೆಯನ್ನು ಅಳೆದು ಈ ವ್ಯತ್ಯಾಸವನ್ನು ತಿದ್ದುವ ಏರ್ಪಾಡು ಇರುತ್ತದೆ. ಅದು ಕೆಟ್ಟಿದ್ದರೆ ಅಥವಾ ಇಲ್ಲದಿದ್ದರೆ ಫಲಕದ ಅಂಕಿ ಋತುವಿನೊಡನೆ ಕುಣಿಯುತ್ತದೆ. ನಲವತ್ತು ಕಿಲೋ ಉಪ್ಪು ಐವತ್ತು ಸಾವಿರ ಲೀಟರಿಗೆ ಸೇರಿದಾಗ ಲೀಟರಿಗೆ 800 ಮಿಲಿಗ್ರಾಂ ಹೆಚ್ಚಿ ನಿಜವಾದ ಅಂಕಿ 4000 ಆಯಿತು. ತಣ್ಣೀರಿನಲ್ಲಿ ಅದು 3200ರಂತೆ ಕಂಡಿತು. 27 ಡಿಗ್ರಿಯ ನೀರಿನಲ್ಲಿ ತನ್ನ ನಿಜರೂಪವನ್ನೂ ಮೀರಿ 4160 ಆಗಿ ತೋರಿತು. ಈಗ 4000ವನ್ನು 3200ಕ್ಕೆ ಇಳಿಸಬೇಕಾದರೆ ಕೊಳದ ಐದನೆಯ ಒಂದು ಪಾಲು, ಹತ್ತು ಸಾವಿರ ಲೀಟರು ನೀರನ್ನು ಚರಂಡಿಗೆ ಬಿಡಬೇಕು.

ಇದು ಹಣದ ನಷ್ಟವಾಯಿತು. ಇನ್ನೊಂದು ಬಗೆಯ ನಷ್ಟವೂ ಉಂಟು, ಅದು ಹೆಚ್ಚು ಗಂಭೀರ. ಯಂತ್ರದ ತಗಡುಗಳ ಮೇಲೆ ಗಡಸು ನೀರಿನ ಸುಣ್ಣ ಕಟ್ಟಿಕೊಂಡರೂ, ವರ್ಷಗಳು ಕಳೆದು ಲೇಪ ಸವೆದರೂ ವಿದ್ಯುತ್ತು ಕಡಿಮೆ ಹರಿಯುತ್ತದೆ. ಆಗಲೂ ಫಲಕ, ಉಪ್ಪು ಕಡಿಮೆ ಎಂದೇ ಹೇಳುತ್ತದೆ. ಮನೆಯೊಡೆಯ ಉಪ್ಪು ಸುರಿಯುತ್ತಾನೆ; ರೋಗ ಇರುವುದು ತಗಡಿನಲ್ಲಿ. ಅಷ್ಟರಲ್ಲಿ ಕ್ಲೋರಿನ್ನಿನ ಉತ್ಪತ್ತಿ ಕುಗ್ಗಿರುತ್ತದೆ, ಕೆಲವು ಯಂತ್ರಗಳಲ್ಲಿ ಪೂರ್ತಿ ನಿಂತೇ ಹೋಗಿರುತ್ತದೆ. ನೀರು ಮಾತ್ರ ಕೆಲವು ದಿನ ತಿಳಿಯಾಗಿಯೇ ಕಾಣುತ್ತದೆ, ಮಕ್ಕಳು ಎಂದಿನಂತೆ ಮುಳುಗಿ ಏಳುತ್ತಿರುತ್ತಾರೆ. ಈಜುಕೊಳದಲ್ಲಿ ಮುಕ್ತ ಕ್ಲೋರಿನ್ ಲೀಟರಿಗೆ ಕನಿಷ್ಠ ಒಂದು ಮಿಲಿಗ್ರಾಂ ಇರಬೇಕೆಂದು ಅಮೆರಿಕದ ಸರಕಾರದ ರೋಗನಿಯಂತ್ರಣ ಕೇಂದ್ರ ಹೇಳುತ್ತದೆ. ಅದನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು. ಉಪ್ಪಿನ ಅಂಕಿಯನ್ನು ನೋಡಿ ಕ್ಲೋರಿನ್ ಇದೆಯೆಂದು ನಂಬುವುದು ಒಲೆಯ ಬಳಿ ಸೌದೆ ಇದೆಯೆಂದ ಮಾತ್ರಕ್ಕೆ ಅನ್ನ ಬೆಂದಿದೆಯೆಂದು ನಂಬಿದ ಹಾಗೆ.

ಹಾಗಾದರೆ ಉಪ್ಪನ್ನು ಅಳೆಯುವುದು ಹೇಗೆ? ಮೊದಲು ಎಲ್ಲರ ಕಣ್ಣಿಗೆ ಬೀಳುವುದು ತೇಲುವ ಗಾಜಿನ ಕೊಳವೆ, ಸಾಂದ್ರತಾಮಾಪಕ. ಉಪ್ಪು ಹೆಚ್ಚಿದಂತೆ ನೀರು ಭಾರವಾಗಿ ಕೊಳವೆ ಮೇಲಕ್ಕೇರುತ್ತದೆ. ಫ್ರೆಂಚ್ ಔಷಧಿಕಾರ ಆಂಟ್ವಾನ್ ಬೋಮೆ 1768ರಲ್ಲಿ ಇದಕ್ಕೊಂದು ಅಳತೆಗೋಲನ್ನು ಗೊತ್ತುಪಡಿಸಿದ. ಶುದ್ಧ ನೀರಿಗೆ ಸೊನ್ನೆ, ನೂರಕ್ಕೆ ಹದಿನೈದು ಭಾಗ ಉಪ್ಪುಳ್ಳ ನೀರಿಗೆ ಹದಿನೈದು. ಗೋಕರ್ಣದ ಬಳಿಯ ಸಾಣಿಕಟ್ಟೆಯಂತಹ ಉಪ್ಪಿನ ಆಗರಗಳಲ್ಲಿ ಬಿಸಿಲಿಗೆ ಕಡಲ ನೀರು ಬತ್ತಿ ಬತ್ತಿ ಹರಳುಗಟ್ಟುವ ಹದಕ್ಕೆ ಬಂದಾಗ ಆ ನೀರು ಸಿಹಿನೀರಿಗಿಂತ ಸುಮಾರು ಐದನೆಯ ಒಂದು ಪಾಲು ಹೆಚ್ಚು ಭಾರ. ಅಂತಹ ಕಡೆ ಈ ಕೊಳವೆ ಬಹು ಯೋಗ್ಯ ಸಾಧನ. ಈಜುಕೊಳದಲ್ಲಿ ಅದು ನಿಷ್ಪ್ರಯೋಜಕ. ಅಲ್ಲಿನ ಉಪ್ಪು ಒಂದು ಲೀಟರು ನೀರಿನ ತೂಕವನ್ನು ಹೆಚ್ಚಿಸುವುದು ಎರಡು ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇತ್ತ ನೀರು 20 ಡಿಗ್ರಿಯಿಂದ 30 ಡಿಗ್ರಿಗೆ ಕಾದರೆ ಲೀಟರಿನ ತೂಕ ಸುಮಾರು ಎರಡೂವರೆ ಗ್ರಾಂ ಇಳಿಯುತ್ತದೆ. ಚೀಲಗಟ್ಟಲೆ ಸುರಿದ ಉಪ್ಪಿನ ಭಾರವನ್ನೆಲ್ಲ ಒಂದು ವಾರದ ಬಿಸಿಲು ಅಳಿಸಿಹಾಕುತ್ತದೆ.

ಕೈಯಲ್ಲಿ ಹಿಡಿಯುವ ವಿದ್ಯುದ್ವಾಹಕತಾ ಮಾಪಕಗಳು ಎರಡನೆಯ ಬಗೆ. ಲವಣದ್ರಾವಣಗಳ ವಾಹಕತೆಯನ್ನು ಕರಾರುವಾಕ್ಕಾಗಿ ಅಳೆಯುವ ವಿಧಾನವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದವನು ಜರ್ಮನಿಯ ಫ್ರೀಡ್ರಿಕ್ ಕೋಲ್‌ರೌಶ್. ಒಂದೇ ದಿಕ್ಕಿನ ವಿದ್ಯುತ್ತನ್ನು ಹಾಯಿಸಿದರೆ ದ್ರಾವಣವೇ ವಿಭಜನೆಗೊಂಡು ಅಳತೆ ಕೆಡುವುದರಿಂದ ಅವನು ದಿಕ್ಕು ಬದಲಿಸುತ್ತಿರುವ ವಿದ್ಯುತ್ತನ್ನು ಬಳಸಿದ. ಇಂದಿನ ಜೇಬಿನ ಮಾಪಕವೂ ಅವನ ಮೊಮ್ಮಗುವೇ. ಅದರಲ್ಲಿ ಉಷ್ಣತೆಯ ತಿದ್ದುಪಡಿಯೂ ಸಾಮಾನ್ಯವಾಗಿ ಇರುತ್ತದೆ. ಆದರೆ ವಾಹಕತೆಯನ್ನು ಉಪ್ಪಿನ ತೂಕವನ್ನಾಗಿ ಮಾರ್ಪಡಿಸಲು ಒಂದು ಗುಣಕ ಬೇಕಲ್ಲ, ಅಲ್ಲಿಯೇ ಗೊಂದಲ ಹುಟ್ಟುವುದು. ಅಡುಗೆ ಉಪ್ಪಿಗೆ ಹೊಂದಿಸಿದ ಮಾಪಕ ಸುಮಾರು 0.5ರಿಂದ ಗುಣಿಸುತ್ತದೆ, ನದಿ, ಬಾವಿಗಳ ಸಿಹಿನೀರಿಗೆ ಹೊಂದಿಸಿದ್ದು ಸುಮಾರು 0.7ರಿಂದ. ಕೊಳದ ನೀರಿನ ವಾಹಕತೆ 6000 ಎಂದಿದ್ದರೆ ಮೊದಲನೆಯದು 3000 ಎನ್ನುತ್ತದೆ, ಎರಡನೆಯದು 4200. ಎರಡು ಮಾಪಕಗಳೂ ಕೆಟ್ಟಿಲ್ಲ, ಎರಡೂ ಒಂದೇ ಸತ್ಯವನ್ನು ಬೇರೆ ಬೇರೆ ಭಾಷೆಯಲ್ಲಿ ಹೇಳುತ್ತಿವೆ. ಕುಡಿಯುವ ನೀರನ್ನು ಪರೀಕ್ಷಿಸಲು ಕೊಂಡ ಅಗ್ಗದ ಕಡ್ಡಿಯನ್ನು ಈಜುಕೊಳದಲ್ಲಿ ಅದ್ದಿ ಅಂಗಡಿಯವನೊಡನೆ ಜಗಳಕ್ಕೆ ಹೋಗುವವರು ಇದನ್ನು ತಿಳಿದಿರುವುದು ಲೇಸು. ಅಲ್ಲದೆ, ಕೊಳವೆಬಾವಿಯ ಗಡಸು ನೀರನ್ನು ತುಂಬಿದ ಕೊಳದಲ್ಲಿ ಸುಣ್ಣ, ಮೆಗ್ನೀಷಿಯಂ ಲವಣಗಳೂ ವಿದ್ಯುತ್ತನ್ನು ಸಾಗಿಸುತ್ತವೆ. ಮಾಪಕ ಅವನ್ನೂ ಉಪ್ಪಿನ ಖಾತೆಗೇ ಬರೆಯುತ್ತದೆ.

ಕ್ಲೋರೈಡನ್ನೇ ನೇರವಾಗಿ ಎಣಿಸುವ ಮೂರನೆಯ ದಾರಿ ರಸಾಯನಶಾಸ್ತ್ರದ್ದು, ಹಳೆಯದು. ಇಂದಿಗೂ ಮನೆಯವರ ಮಟ್ಟಿಗೆ ಅತ್ಯಂತ ನಂಬಿಕೆಯದು. ಜರ್ಮನ್ ರಸಾಯನಜ್ಞ ಕಾರ್ಲ್ ಫ್ರೀಡ್ರಿಕ್ ಮೋರ್ 1856ರಲ್ಲಿ ಪ್ರಕಟಿಸಿದ ವಿಧಾನವಿದು. ನೀರಿನ ಮಾದರಿಗೆ ಮೊದಲು ಹಳದಿ ಬಣ್ಣದ ಪೊಟ್ಯಾಸಿಯಂ ಕ್ರೋಮೇಟನ್ನು ಸೇರಿಸಬೇಕು. ಬಳಿಕ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಕಲಕಬೇಕು. ಬೆಳ್ಳಿಗೆ ಕ್ಲೋರೈಡಿನ ಮೇಲೆ ವ್ಯಾಮೋಹ ಹೆಚ್ಚು. ಎಲ್ಲಿಯವರೆಗೆ ಕ್ಲೋರೈಡು ಇರುವುದೋ ಅಲ್ಲಿಯವರೆಗೆ ಅದರೊಡನೆ ಕೂಡಿ ಮೊಸರಿನಂತಹ ಬಿಳಿಯ ಗಸಿಯಾಗಿ ನಿಲ್ಲುತ್ತದೆ. ಕ್ಲೋರೈಡು ಪೂರ್ತಿ ತೀರಿದ ಮೇಲೆ ಬೀಳುವ ಹನಿ ಬೇರೆ ಗತಿಯಿಲ್ಲದೆ ಕ್ರೋಮೇಟಿನೊಡನೆ ಸೇರಿ ಇಟ್ಟಿಗೆಯ ಕೆಂಪು ಬಣ್ಣವನ್ನು ತಾಳುತ್ತದೆ. ಆ ಕೆಂಪು ಕಲಕಿದರೂ ಹೋಗದೆ ನಿಂತ ಕ್ಷಣದಲ್ಲಿ ಎಣಿಕೆಯನ್ನು ನಿಲ್ಲಿಸಬೇಕು. ಕೊಳಗಳಿಗೆಂದು ದೊರೆಯುವ ಪೆಟ್ಟಿಗೆಗಳಲ್ಲಿ ಹತ್ತು ಮಿಲಿಲೀಟರು ನೀರಿಗೆ ಒಂದು ಹನಿ ಎಂದರೆ 200 ಎಂಬ ಲೆಕ್ಕ ಇರುವುದುಂಟು. ಹದಿನಾರು ಹನಿ ಹಿಡಿದರೆ 3200. ಹದಿನೈದೋ ಹದಿನಾರೋ ಎಂಬ ಸಂಶಯ ಉಳಿಯುವವರು ನೀರನ್ನು ಇಪ್ಪತ್ತು ಮಿಲಿಲೀಟರು ತೆಗೆದುಕೊಂಡರೆ ಒಂದು ಹನಿಯ ಬೆಲೆ 100ಕ್ಕೆ ಇಳಿದು ಲೆಕ್ಕ ಇನ್ನಷ್ಟು ಸೂಕ್ಷ್ಮವಾಗುತ್ತದೆ.

ಈ ಕೆಲಸಕ್ಕೆ ಬೇಕಾದದ್ದು ಅವಸರವಿಲ್ಲದ ಕೈ. ಸೀಸೆಯನ್ನು ಓರೆಯಾಗಿ ಹಿಡಿದರೆ ಹನಿಗಳ ಗಾತ್ರ ಬದಲಾಗುತ್ತದೆ. ನೇರವಾಗಿ, ಬುಡಮೇಲಾಗಿ ಹಿಡಿಯಬೇಕು. ಒಣ ಬಟ್ಟೆಯಿಂದ ಮೂತಿಯನ್ನು ಉಜ್ಜಿದರೆ ಅಲ್ಲಿ ವಿದ್ಯುದಂಶ ಕೂಡಿ ಹನಿ ಪೂರ್ತಿ ಬೆಳೆಯುವ ಮೊದಲೇ ಉದುರುತ್ತದೆ, ಎಣಿಕೆ ಹೆಚ್ಚಾಗುತ್ತದೆ. ಆದುದರಿಂದ ಒದ್ದೆ ಬಟ್ಟೆಯಿಂದ ಒರೆಸುವುದು ಉತ್ತಮ. ಸಿಲ್ವರ್ ನೈಟ್ರೇಟ್ ಬೆಳಕಿಗೆ ಕೆಡುತ್ತದೆ, ಬೆರಳಿಗೆ ತಗಲಿದರೆ ಕಪ್ಪು ಕಲೆ ಹಲವು ದಿನ ಹೋಗದು. ಕ್ರೋಮೇಟಂತೂ ವಿಷ. ಪರೀಕ್ಷೆ ಮುಗಿದ ನೀರನ್ನು ಮತ್ತೆ ಕೊಳಕ್ಕೆ ಸುರಿಯಬಾರದು. ಸೀಸೆಗಳು ಮಕ್ಕಳ ಕೈಗೆಟುಕದ ಕಡೆ ಇರಬೇಕು.

ಇದೇ ತತ್ತ್ವದ ಮೇಲೆ ಕಾಗದದ ಪಟ್ಟಿಗಳೂ ಇವೆ. ನೀರಿನಲ್ಲಿ ಅದರ ತುದಿಯನ್ನು ಅದ್ದಿ ಕೆಲವು ನಿಮಿಷ ಕಾದರೆ ಒಳಗಿನ ಕಂದು ಬಣ್ಣದ ಮೇಲೆ ಬಿಳಿಯ ಗೆರೆಯೊಂದು ಏರುತ್ತದೆ. ಗೆರೆಯ ಎತ್ತರವನ್ನು ಸೀಸೆಯ ಮೇಲಿನ ಪಟ್ಟಿಯಲ್ಲಿ ಹೋಲಿಸಿ ಉಪ್ಪಿನ ಅಂಕಿಯನ್ನು ಓದಬೇಕು. ಪ್ರತಿ ಸಲದ ತಯಾರಿಕೆಗೂ ಆ ಪಟ್ಟಿ ಬೇರೆ. ಹಳೆಯ ಸೀಸೆಯ ಪಟ್ಟಿಯನ್ನು ಹೊಸ ಕಾಗದಕ್ಕೆ ಅನ್ವಯಿಸುವ ತಪ್ಪು ಬಹು ಸಾಮಾನ್ಯ.

ಪ್ರಯೋಗಶಾಲೆಗೆ ಮಾದರಿಯನ್ನು ಕಳಿಸಿದವರಿಗೆ ಇನ್ನೊಂದು ಬಲೆ ಕಾದಿರುತ್ತದೆ. ವರದಿಯಲ್ಲಿ ಕ್ಲೋರೈಡು 1940 ಎಂದು ಬಂದರೆ ಉಪ್ಪು ತೀರ ಕಡಿಮೆಯಾಯಿತೆಂದು ಗಾಬರಿಯಾಗಬೇಕಾಗಿಲ್ಲ. ಅಡುಗೆ ಉಪ್ಪಿನ ತೂಕದಲ್ಲಿ ಕ್ಲೋರೈಡಿನ ಪಾಲು ನೂರಕ್ಕೆ ಸುಮಾರು 61, ಉಳಿದದ್ದು ಸೋಡಿಯಂ. 1940ನ್ನು 1.65ರಿಂದ ಗುಣಿಸಿದರೆ 3200 ಸಿಕ್ಕಿಬಿಡುತ್ತದೆ.

ಒಂದನ್ನು ಅಳೆದು ಇನ್ನೊಂದನ್ನು ಊಹಿಸುವ ಈ ಪದ್ಧತಿ ಈಜುಕೊಳದವರು ಕಂಡುಹಿಡಿದದ್ದಲ್ಲ. ಸಮುದ್ರವಿಜ್ಞಾನಿಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಇದರೊಡನೆ ಹೆಣಗಿದ್ದಾರೆ. ಬ್ರಿಟನ್ನಿನ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿ ತಂದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ವಿಶ್ಲೇಷಿಸಿ, ಉಪ್ಪು ಹೆಚ್ಚಿರಲಿ ಕಡಿಮೆಯಿರಲಿ ಅದರೊಳಗಿನ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲೆಲ್ಲಿಯೂ ಹೆಚ್ಚುಕಡಿಮೆ ಒಂದೇ ಎಂದು 1884ರಲ್ಲಿ ತೋರಿಸಿದ. ಕ್ಲೋರೈಡೊಂದನ್ನು ಬೆಳ್ಳಿಯಿಂದ ಅಳೆದರೆ ಉಳಿದದ್ದನ್ನು ಲೆಕ್ಕದಿಂದ ತಿಳಿಯಬಹುದು ಎಂದಾಯಿತು. ಆದರೆ ಒಂದೊಂದು ದೇಶದ ಹಡಗಿನ ಅಳತೆ ಒಂದೊಂದು ಬಗೆಯಾದರೆ? ಡೆನ್ಮಾರ್ಕಿನ ಮಾರ್ಟಿನ್ ಕ್ನುಡ್ಸೆನ್ 1901ರಲ್ಲಿ ಕೋಷ್ಟಕಗಳನ್ನು ಪ್ರಕಟಿಸಿದ. ಕರಾರುವಾಕ್ಕಾಗಿ ಅಳೆದ ಸಮುದ್ರದ ನೀರನ್ನು ಗಾಜಿನ ಕೊಳವೆಗಳಲ್ಲಿ ಮುದ್ರೆ ಹಾಕಿ ಕೋಪನ್‌ಹೇಗನ್ನಿನಿಂದ ಲೋಕದ ಪ್ರಯೋಗಶಾಲೆಗಳಿಗೆ ಹಂಚುವ ಏರ್ಪಾಡೂ ನಡೆಯಿತು. ಎಲ್ಲರೂ ತಮ್ಮ ಸಾಧನವನ್ನು ಮೊದಲು ಆ ನೀರಿನ ಮೇಲೆ ಪರೀಕ್ಷಿಸಿ ಆಮೇಲೆ ಕಡಲಿಗಿಳಿಯಬೇಕು. ಮುಂದೆ 1978ರಲ್ಲಿ ವಾಹಕತೆಯ ಆಧಾರದ ಮೇಲೆಯೇ ಹೊಸ ಮಾನವನ್ನು ರೂಪಿಸಿದಾಗಲೂ, ಹೋಲಿಕೆಗೆ 15 ಡಿಗ್ರಿಯಲ್ಲಿಟ್ಟ, ಗೊತ್ತಾದ ತೂಕದ ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣವನ್ನು ನಿಲ್ಲಿಸಿದರು. ವಾಹಕತೆಯಿಂದ ಉಪ್ಪನ್ನು ಲೆಕ್ಕಹಾಕುವಾಗ ಅವರು ಉಷ್ಣತೆಯನ್ನು ಬಿಡಲಿಲ್ಲ.

ಕೋಪನ್‌ಹೇಗನ್ನಿನ ನೀರು ಮನೆಯಲ್ಲಿಯೂ ತಯಾರಾದೀತು, ಅದಕ್ಕೆ ಬೇಕಾದುದೆಲ್ಲ ಅಡುಗೆಮನೆಯಲ್ಲಿಯೇ ಇದೆ. ಪುಡಿ ಉಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು ತೇವ ಆರಿಸಿ ತಣಿಸಬೇಕು; ಮಳೆಗಾಲದ ಉಪ್ಪಿನಲ್ಲಿ ನೀರೂ ತೂಗುತ್ತದೆ. ಮೂರು ಗ್ರಾಂ ಚಿಲ್ಲರೆಯನ್ನು ಅಡುಗೆಯ ತಕ್ಕಡಿಯಲ್ಲಿ ತೂಗಲು ಹೋದರೆ ಒಂದು ಗ್ರಾಮಿನ ತಪ್ಪು ಮೂರನೆಯ ಒಂದು ಪಾಲಿನ ತಪ್ಪಾಗುತ್ತದೆ. ಆದುದರಿಂದ 32 ಗ್ರಾಂ ತೂಗಿ, ಒಟ್ಟು ಒಂದು ಲೀಟರು ಆಗುವಂತೆ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಬೇಕು. ಅದರಿಂದ ನೂರು ಮಿಲಿಲೀಟರು ತೆಗೆದು ಮತ್ತೆ ಅಂತಹ ನೀರನ್ನೇ ಸೇರಿಸಿ ಒಂದು ಲೀಟರು ಮಾಡಬೇಕು. ಈಗ ಕೈಯಲ್ಲಿರುವುದು 3200ರ ನೀರು. ಹನಿಯ ಪರೀಕ್ಷೆ, ಕಾಗದದ ಪಟ್ಟಿ, ಜೇಬಿನ ಮಾಪಕ ಎಲ್ಲವನ್ನೂ ಇದರ ಮುಂದೆ ನಿಲ್ಲಿಸಿ ವಿಚಾರಿಸಬಹುದು. ಮಾಪಕ 2900 ಎಂದರೆ ಅದು ಎಷ್ಟು ಕಡಿಮೆ ಹೇಳುವ ಸ್ವಭಾವದ್ದೆಂದು ತಿಳಿದುಹೋಯಿತು. ಬಿಗಿಯಾಗಿ ಮುಚ್ಚಿಟ್ಟರೆ ಈ ನೀರು ತಿಂಗಳುಗಟ್ಟಲೆ ಕೆಡುವುದಿಲ್ಲ. ಅಲ್ಪ ಖರ್ಚಿನ ಈ ಸೀಸೆ ಎಷ್ಟೋ ದುಬಾರಿ ಯಂತ್ರಗಳಿಗಿಂತ ಹೆಚ್ಚು ಬಾಳುತ್ತದೆ.

ಮಾದರಿಯನ್ನು ಎಲ್ಲಿಂದ, ಯಾವಾಗ ತೆಗೆಯಬೇಕೆಂಬ ವಿಷಯದಲ್ಲಿ ಉದ್ದಾಲಕನೇ ಗುರು. ಅವನು ಉಪ್ಪು ಹಾಕಿದ ಕೂಡಲೇ ಮಗನಿಗೆ ನೀರು ಕುಡಿಸಲಿಲ್ಲ, ಒಂದು ರಾತ್ರಿ ಬಿಟ್ಟ. ಕೊಳಕ್ಕೆ ಸುರಿದ ಉಪ್ಪು ಮೊದಲು ತಳದಲ್ಲಿ ದಟ್ಟವಾದ ಪದರವಾಗಿ ಹರಡುತ್ತದೆ. ಪಂಪು ಒಂದು ದಿನವಾದರೂ ಓಡಿ ನೀರು ತಿರುಗಿದ ಮೇಲೆಯೇ ಮೇಲೆ, ನಡುವೆ, ತಳದಲ್ಲಿ ಒಂದೇ ರುಚಿ. ಹೊಸ ನೀರು ಬೀಳುವ ಬಾಯಿಯಿಂದ ದೂರದಲ್ಲಿ, ಮೊಳಕೈ ಮುಳುಗುವಷ್ಟು ಆಳದಲ್ಲಿ ಸೀಸೆಯನ್ನು ತುಂಬಬೇಕು. ಮಳೆ ಬಂದ ದಿನ ಮೇಲ್ಪದರದ ನೀರು ಅರ್ಧ ಮಳೆಯೇ ಆಗಿರುತ್ತದೆ.

ಉಪ್ಪಿನ ಲೆಕ್ಕದ ಜೊತೆಗೆ ನೀರಿನ ಲೆಕ್ಕವೂ ಸರಿಯಿರಬೇಕು. ಗುತ್ತಿಗೆದಾರ ಐವತ್ತು ಸಾವಿರ ಲೀಟರೆಂದು ಹೇಳಿದ ಕೊಳ ನಿಜವಾಗಿ ನಲವತ್ತೆರಡಿರಬಹುದು. ತಳ ಇಳಿಜಾರಾಗಿರುವ, ಅಂಚು ಬಾಗಿರುವ ಕೊಳಗಳನ್ನು ಗಜಕಡ್ಡಿಯಿಂದ ಅಳೆಯುವುದು ಸುಲಭವಲ್ಲ. ಮೊದಲ ಸಲ ಉಪ್ಪು ಹಾಕುವಾಗಲೇ ಇದನ್ನು ಪತ್ತೆ ಮಾಡಬಹುದು. 150 ಕಿಲೋ ಸುರಿದು ನೀರು ಚೆನ್ನಾಗಿ ಬೆರೆತ ಮೇಲೆ ಅಂಕಿ 3000 ಏರಿದ್ದರೆ ಕೊಳ 50,000 ಲೀಟರಿನದೇ. 3600ರಷ್ಟು ಏರಿದ್ದರೆ ನೀರು 42,000 ಲೀಟರಿನ ಆಸುಪಾಸು. ಹರಿಯುವ ತೊರೆಯ ನೀರನ್ನು ಅಳೆಯಲು ಜಲಶಾಸ್ತ್ರಜ್ಞರು ಅನುಸರಿಸುವ ಉಪಾಯಗಳಲ್ಲಿಯೂ ಇದೊಂದು. ಗೊತ್ತಾದ ತೂಕದ ಉಪ್ಪನ್ನು ಮೇಲೆ ಸುರಿದು ಕೆಳಗೆ ಅದು ಎಷ್ಟು ತೆಳುವಾಯಿತೆಂದು ನೋಡುತ್ತಾರೆ.

ಬೆಂಗಳೂರಿನ ಬಹುಮಹಡಿ ವಸತಿಗಳಲ್ಲಿಯೂ ಇಂದು ಈಜುಕೊಳಗಳಿವೆ. ಅಲ್ಲಿ ತಪ್ಪು ಅಂಕಿಯ ಬೆಲೆ ಇನ್ನೂ ಹೆಚ್ಚು. 25 ಮೀಟರು ಉದ್ದ, 10 ಮೀಟರು ಅಗಲ, 1.2 ಮೀಟರು ಆಳದ ಕೊಳದಲ್ಲಿ ಮೂರು ಲಕ್ಷ ಲೀಟರು ನೀರು. ಐದನೆಯ ಒಂದು ಪಾಲನ್ನು ಚೆಲ್ಲಿ ಮತ್ತೆ ತುಂಬಬೇಕಾದರೆ ಆರು ಸಾವಿರ ಲೀಟರಿನ ಹತ್ತು ಟ್ಯಾಂಕರುಗಳು ಬರಬೇಕು. ನೀರಿನ ಬವಣೆ ಮಿತಿಮೀರಿದ 2024ರ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸುವುದನ್ನೇ ನಿಷೇಧಿಸಿ ಐದು ಸಾವಿರ ರೂಪಾಯಿ ದಂಡವನ್ನೂ ಗೊತ್ತುಮಾಡಿತು. ಅಂತಹ ದಿನಗಳಲ್ಲಿ ಹೆಚ್ಚಾದ ಉಪ್ಪನ್ನು ಕಳೆಯಲು ನೀರು ಚೆಲ್ಲುವ ಮಾತನ್ನು ಯಾರು ತಾನೆ ಆಡಿಯಾರು? ಟ್ಯಾಂಕರಿನ ನೀರು ಕೊಳವೆಬಾವಿಯದಾದರೆ, ಉಪ್ಪು ಹಾಕುವುದಕ್ಕೆ ಮೊದಲೇ ಅದರ ವಾಹಕತೆಯನ್ನು ಅಳೆದು ಬರೆದಿಡುವುದು ವಿವೇಕ. ಸಿಹಿನೀರೆಂದು ತುಂಬಿದ್ದರಲ್ಲಿಯೇ ಸಾವಿರದಷ್ಟು ಅಂಕಿ ಅಡಗಿರುವುದುಂಟು.

ಮೆಲ್ಬೋರ್ನಿನ ಗೃಹಸ್ಥನು ಹತ್ತು ಸಾವಿರ ಲೀಟರನ್ನು ಚೆಲ್ಲಿದ ಮೇಲೆ ಪಂಪಿನ ಮನೆಯ ಗೋಡೆಗೆ ಒಂದು ಪುಸ್ತಕವನ್ನು ದಾರ ಕಟ್ಟಿ ತೂಗುಹಾಕಿದನೆಂದು ಭಾವಿಸಬಹುದು. ಅದರಲ್ಲಿ ನಾಲ್ಕು ಅಂಕಣ: ತಾರೀಖು, ನೀರಿನ ಉಷ್ಣತೆ, ಫಲಕದ ಅಂಕಿ, ಹನಿಗಳ ಎಣಿಕೆ. ಮುಂದಿನ ಸೆಪ್ಟೆಂಬರಿನಲ್ಲಿ ಹೊದಿಕೆ ಸರಿದಾಗ ಎಚ್ಚರಿಕೆಯ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಫಲಕದಲ್ಲಿ 2560. ಅವನು ಉಷ್ಣತಾಮಾಪಕವನ್ನು ನೀರಿಗಿಳಿಸುತ್ತಾನೆ: 15. ಹಿರಿಯ ಮಗಳು ಸೀಸೆಯಲ್ಲಿ ನೀರು ತುಂಬಿ ತರುತ್ತಾಳೆ. ಅವನು ಬಿಡುವ ಹನಿಗಳನ್ನು ಗಟ್ಟಿಯಾಗಿ ಎಣಿಸುವುದು ಅವಳ ಕೆಲಸ. ಹದಿನಾರನೆಯ ಹನಿಗೆ ಬಿಳಿಯ ಗಸಿ ಕೆಂಪಗಾಗಿ ನಿಲ್ಲುತ್ತದೆ. ಉಪ್ಪಿನ ಚೀಲಗಳು ಕೊಟ್ಟಿಗೆಯಲ್ಲಿ ಇದ್ದಲ್ಲಿಯೇ ಉಳಿಯುತ್ತವೆ.